ಷರಾ

ನನ್ನಪ್ಪ ಪಾಲಾಕ್ಷಪ್ಪ ಹರಿಹರದಲ್ಲಿ ಹೊಳೆ ಅಳೆಯುತ್ತಿದ್ದ.
ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ
ಹಳೇ ಸೇತುವೆಯ ಬುಡಕ್ಕೆ ಇಳಿದು
ಕಂಬಕ್ಕೆ ಬಡಿದ ತಗಡಿನ ಪಟ್ಟಿಯಲ್ಲಿ
ನೀರು ಮುಟ್ಟಿದ ಗೀಟು ನೋಡಿ
ರಿಜಿಸ್ಟರಿಗೆ ಬರೆಯುವುದು. ಅಷ್ಟೇ ಕೆಲಸ.
ಮಳೆಗಾಲದಲ್ಲಿ ಗಂಟೆಗೊಮ್ಮೆ, ಬ್ಯಾಟರಿ ಹಿಡಿದು.

ದಿನಾಂಕ, ವೇಳೆ, ಮಟ್ಟ, ಸಹಿ.
ಕೊನೆಗೊಂದು ಅಗಲದ ಕಾಲಂ: ಷರಾ.
ಅದರಲ್ಲಿ ವರ್ಷವಿಡೀ ಅಡ್ಡಗೆರೆ,
ಒಂದು ದಿನ ಬಿಟ್ಟು.

ಪುಷ್ಯದಲ್ಲೋ ಮಾಘದಲ್ಲೋ ಬರುತ್ತಿತ್ತು ಆ ದಿನ.
ಹೊಳೆ ಸರಿದು, ಬಿಟ್ಟುಹೋದ ಕೆಸರು
ಮೇಲೆ ಒಣಗಿ ಒಳಗೆ ಹಸಿಯಿರುವಾಗ
ಬೂದುಬಣ್ಣದ ಎಲೆ, ಅಂಚು ಇಲಿ ಕಡಿದಂತೆ,
ಎದ್ದು ನಿಲ್ಲುವ ಆಸೆಯೇ ಇಲ್ಲದೆ ನೆಲಕ್ಕಂಟಿ,
ನಡುವೆ ಎಸಳಿಲ್ಲದ ಒಂದು ಹಳದಿ ಗುಂಡು,
ಅಂಗಿಯ ಗುಂಡಿಯಷ್ಟು.
ಅಪ್ಪ ಬರೆಯುತ್ತಿದ್ದ:
‘ಗುಂಡಿಹೂ ಬಂತು. ನೀರಿಗಿಂತ ಒಂದು ಗೇಣು ಮೇಲೆ.’

ಬಟ್ಟೆ ಒಗೆಯುವ ಹಾಲಮ್ಮ ಅದನ್ನು ಹೊಳೆದವನ ಅನ್ನುವಳು.
ಚಿವುಟಿ ಮೂಸಿ ನೋಡ್ರಿ, ದವನದ ತಂಗಿ,
ಯಾರೂ ಮುಡಿಯಂಗಿಲ್ಲ ಪಾಪ.
ಗುಂಡಿಹೂ ಅಂದದ್ದಕ್ಕೆ ನಕ್ಕಿದ್ದಳು:
ಊರ ಅಂಗಿಯಿಂದ ಕಿತ್ತುಹೋದ ಗುಂಡಿಯೆಲ್ಲ ಇಲ್ಲೇ ಮೊಳೀತಾವಲ್ಲ,
ಮತ್ತ್ಯಾಕ ನನ್ನ ಬೈತೀರಿ?

ಮೇಲಿನ ಕಚೇರಿಯಿಂದ ಕೆಂಪು ಶಾಯಿ ಬಂತು:
‘ಮಟ್ಟಕ್ಕೆ ಸಂಬಂಧಿಸದ ವಿಷಯ ಬರೆಯತಕ್ಕದ್ದಲ್ಲ.’
ಅಪ್ಪ ಅದರ ಕೆಳಗೆ, ಓದಿಕೊಂಡಿದ್ದೇನೆ, ಎಂದು ಸಹಿ ಹಾಕಿದ.
ಮುಂದಿನ ಮಾಘದಲ್ಲಿ ಮತ್ತೆ ಬರೆದ,
ಈ ಸಲ ಪೆನ್ಸಿಲಿನಲ್ಲಿ, ಸಣ್ಣಗೆ.
ಅವನೂ ಖಾಯಮ್ಮಾದವನಲ್ಲ.
ಹನ್ನೊಂದು ತಿಂಗಳ ಆದೇಶ, ಒಂದು ತಿಂಗಳು ಖಾಲಿ,
ಮತ್ತೆ ಹೊಸದಾಗಿ ಹುಟ್ಟಬೇಕು.

ಒಂದು ಶ್ರಾವಣದಲ್ಲಿ ಹೊಳೆ ತಗಡನ್ನೇ ಒಯ್ದಿತು,
ಕಂಬದ ಸಮೇತ.
ಹೊಸ ಕಂಬ ನೆಡಲು ಬಂದ ಎಂಜಿನಿಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು.
ಸೊನ್ನೆ ಎಲ್ಲಿತ್ತು? ಅವಳು ಕೇಳಿದಳು.
ಮೀನಿನವರು ಅಲ್ಲಿ ಎಂದರು, ಪಂಪಿನವನು ಇಲ್ಲಿ ಎಂದ.
ಇಪ್ಪತ್ತು ವರ್ಷದ ಅಂಕಿ ರಿಜಿಸ್ಟರಿನಲ್ಲಿತ್ತು,
ನೆಲದ ಮೇಲೆ ಒಂದೂ ಇರಲಿಲ್ಲ.

ಮಾಘ ಬರಲಿ ತಾಯಿ, ಎಂದ ಅಪ್ಪ.

ಮಾಘದಲ್ಲಿ ಅವಳು ನೋಡಿದಳು:
ಒಗೆಗಲ್ಲಿನಿಂದ ಪಂಪ್‌ಹೌಸಿನವರೆಗೆ
ದರ್ಜಿ ಸೀಮೆಸುಣ್ಣದಲ್ಲಿ ಗುರುತು ಹಾಕಿದಂತೆ
ದಂಡೆ ತಿರುಗಿದಲ್ಲಿ ತಿರುಗಿ, ಒಳಸರಿದಲ್ಲಿ ಸರಿದು,
ಮೇಲಿಲ್ಲ ಕೆಳಗಿಲ್ಲ, ಒಂದೇ ಎತ್ತರದ ಹಳದಿ ಗೀಟು.
ಇಲ್ಲಿ ಹೊಳಿ ಹತ್ತು ದಿನ ನಿಂತು ಯೋಚ್ನಿ ಮಾಡ್ತೈತಿ,
ಪ್ರತಿ ವರ್ಷ ಇಲ್ಲೇ,
ಎಂದು ಅಪ್ಪ ರಿಜಿಸ್ಟರು ಬಿಚ್ಚಿದ.
ಇಪ್ಪತ್ತು ಷರಾ, ಇಪ್ಪತ್ತು ಗೇಣು.
ಅವಳು ಅಲ್ಲೇ ಕೂತು ಕೂಡಿದಳು, ಕಳೆದಳು,
ಮುಕ್ಕಾಲಿಯ ಮೇಲೆ ದುರ್ಬೀನು ಇಟ್ಟು ನೋಡಿದಳು.
ಎರಡು ಬೆರಳು ವ್ಯತ್ಯಾಸ ಬಂತು.
ತಪ್ಪು ಹೂವಿನದೋ ದುರ್ಬೀನಿನದೋ
ಅಪ್ಪ ಹೇಳಲಿಲ್ಲ.

ಈಗ ಅಲ್ಲೊಂದು ಬಿಳಿ ಡಬ್ಬಿ ಇದೆ.
ಕಾಲುಗಂಟೆಗೊಮ್ಮೆ ತಾನೇ ಮಟ್ಟ ಕಳಿಸುತ್ತದೆ.
ಅದಕ್ಕೆ ಷರಾ ಇಲ್ಲ.
ಅಪ್ಪನ ಕೊನೆಯ ರಿಜಿಸ್ಟರು ನಮ್ಮ ಅಟ್ಟದ ಮೇಲಿದೆ,
ಜಿರಲೆ ತಿಂದಷ್ಟು ತಿಂದು, ಉಳಿದದ್ದು.

ಈ ವರ್ಷ ಮೇಲೆ ಭದ್ರೆಯಿಂದ ನೀರು ಬೇಗ ಬಿಟ್ಟರು.
ನಾನು ಮಂಡಕ್ಕಿ ಪೊಟ್ಟಣ ಹಿಡಿದು ಸುಮ್ಮನೆ ಇಳಿದಿದ್ದೆ.
ಹೊಸ ನೀರು, ತಿಳಿಯಾಗಿತ್ತು.
ಒಳಗೆ ಹೂವು ಮುಚ್ಚಿಕೊಂಡಿರಲಿಲ್ಲ,
ಮುಳುಗಿಯೂ ಅದೇ ಗೀಟಿನಲ್ಲಿ, ಅದೇ ಹಳದಿ,
ಸಣ್ಣ ಮೀನುಗಳು ಅದರ ಮೇಲೆ ಹಾದುಹೋಗುತ್ತಿದ್ದವು.
ಪೊಟ್ಟಣದ ಕಾಗದ ಬಿಡಿಸಿ
ಎಣ್ಣೆ ಹತ್ತದ ಜಾಗ ಹುಡುಕಿ ಬರೆದೆ:
ನೀರಿಗಿಂತ ಒಂದು ಗೇಣು ಕೆಳಗೆ.
ಸಹಿ ಹಾಕಲು ಹೋಗಿ
ಯಾರದು ಹಾಕಬೇಕೋ ತಿಳಿಯಲಿಲ್ಲ.