ಹುಡುಕು, ಬದಲಿಸು

ಲ್ಯಾಂಕಾಸ್ಟರಿನ ಆಸ್ಪತ್ರೆ, ನೆಲಮಾಳಿಗೆ,
ರಾತ್ರಿ ಎರಡೂಕಾಲು.
ಮೇಲಿನವರ ಆದೇಶ ಒಂದೇ ಸಾಲು:
'ಮಾಸ್ಟರ್' ಇದ್ದಲ್ಲಿ 'ಪ್ರೈಮರಿ', 'ಸ್ಲೇವ್' ಇದ್ದಲ್ಲಿ 'ರೆಪ್ಲಿಕಾ'.
ಸಾವಿರದ ನಾನೂರ ಹನ್ನೆರಡು ಕಡೆ.

ಅಷ್ಟೇ ತಾನೇ ಎಂದು ಒಂದೇ ಏಟಿಗೆ ಒತ್ತಿಬಿಟ್ಟೆ.
ಬೆಳಗಾಗುವಷ್ಟರಲ್ಲಿ ಏಳನೇ ವಾರ್ಡಿನ
ಬಕ್‌ಮಾಸ್ಟರ್ ಎಂಬ ಮುದುಕರು
ಬಕ್‌ಪ್ರೈಮರಿ ಆಗಿ ಕೂತಿದ್ದರು.
ಮುಂಗೈಯ ಪಟ್ಟಿ ಓದಿಕೊಂಡು ನರ್ಸನ್ನು ಕೇಳಿದರಂತೆ:
"ಮೊಣಕಾಲು ಮಾತ್ರ ಬದಲಿಸ್ತೀವಿ ಅಂದಿದ್ದಿರಲ್ಲ?"

ಮರುರಾತ್ರಿ ಹೇಳಿಕೊಂಡು ನಕ್ಕೆವು. ವಿನ್ಸಮ್ ಬಾರ್ಟ್ಲಿ
ಕಣ್ಣೊರೆಸಿಕೊಂಡು ನಕ್ಕಳು, ಆಮೇಲೆ ಸುಮ್ಮನಾದಳು.
ಇಪ್ಪತ್ತಾರು ವರ್ಷ ಇದೇ ಪರದೆಯ ಮುಂದೆ ಅವಳ ಪಾಳಿ.
ಸ್ಲೇವ್ ಉತ್ತರಿಸುತ್ತಿಲ್ಲ.
ಸ್ಲೇವ್ ಹಿಂದೆ ಬಿದ್ದಿದೆ.
ಸ್ಲೇವ್ ಸತ್ತಿದೆ, ಇನ್ನೊಂದನ್ನು ಕಟ್ಟಿ.

"ಯಂತ್ರಕ್ಕೇನು ನೋವಾಗ್ತಿತ್ತಾ ಅಂತ ಕೇಳ್ತಾರ.
ಯಂತ್ರ ಓದ್ತಿರ್ಲಿಲ್ಲ.
ಓದ್ತಿದ್ದಾಕಿ ನಾನು."

ಕಿಟಕಿಯಿಲ್ಲದ ಈ ಕೋಣೆಯಿಂದ
ನಡೆದುಹೋಗುವಷ್ಟು ದೂರದಲ್ಲಿ ಲೂನ್ ನದಿ, ಅದರ ಹಳೇ ಧಕ್ಕೆ.
ಹಡಗುಗಳು ಎಲ್ಲಿಗೆ ಹೋಗುತ್ತಿದ್ದವು, ಏನು ತುಂಬಿಕೊಂಡು,
ಊರಿಗೆಲ್ಲ ಗೊತ್ತು.
ಆ ದಾರಿಯ ಬಸ್ಸನ್ನು ಅವಳು ಹತ್ತುವುದಿಲ್ಲ.
ನಾನು ಕೇಳಿಲ್ಲ.

ಒಂದೊಂದನ್ನೇ ತಿದ್ದುತ್ತ ಕೂತೆ.
ನನ್ನ ನುಡಿಯೇ ತಂಟೆ ತೆಗೆಯಿತು:
ಆಳು ಅಂದರೆ ಚಾಕರಿಯವನು,
ಆಳು ಅಂದರೆ ಅರಸನಾಗಿ ನಡೆಸು.
ಧಣಿಗೂ ಜೀತಕ್ಕೂ ಅವೇ ಎರಡಕ್ಷರ!
ಶಾಲೆಯಲ್ಲಿ ಇದನ್ನು ಶ್ಲೇಷೆ ಎಂದು ಬಿಡಿಸಿ
ಹತ್ತಕ್ಕೆ ಹತ್ತು ತಗೊಂಡಿದ್ದೆ.

ಗಂಗಾವತಿ, ಅಪ್ಪನ ಅಕ್ಕಿ ಗಿರಣಿ.
ಹುಬ್ಬಿಗೆಲ್ಲ ತೌಡು ಮೆತ್ತಿಕೊಂಡ ಒಬ್ಬಾತ
ಸೈಕಲ್ಲಿನ ಮೇಲೆ ಆ ಶಾಲೆಗೇ ನನ್ನನ್ನು ಬಿಡುತ್ತಿದ್ದ.
"ಆಳು ಬಂದಾನೇನು?" ಅವ್ವ ಒಳಗಿಂದ.
"ಆಳು ಬಂದಾನ," ನಾನು ಹೊರಗಿಂದ.
ಆರು ವರ್ಷ.
ಮಳೆಗೆ ತನ್ನ ಟವೆಲ್ಲು ನನ್ನ ತಲೆಗೆ ಹಾಕುತ್ತಿದ್ದ.

ಪರದೆಯ ಮೇಲೆ ಎರಡು ಖಾಲಿ ಚೌಕ.
'ಹುಡುಕು' ಎಂಬಲ್ಲಿ ಆಳು ಎಂದು ಬರೆದೆ.
'ಬದಲಿಸು' ಎಂಬಲ್ಲಿ ಗೆರೆ ಮಿನುಗಿತು, ಮಿನುಗಿತು.
ಬೆಲ್ಲಿನ ಸದ್ದು ನೆನಪಿದೆ.
ಎಡಗೈಯ ತುಂಡು ಬೆರಳು ನೆನಪಿದೆ.
ಎರಡನ್ನೂ ಕೀಲಿಮಣೆಯಲ್ಲಿ ಒತ್ತಲು ಬರುವುದಿಲ್ಲ.

ವಿನ್ಸಮ್ ಎರಡು ಲೋಟ ಚಹಾ ತಂದಿಟ್ಟಳು.
"ಎಷ್ಟು ಉಳೀತು?"
ಯಂತ್ರದಲ್ಲಿ ಇನ್ನೂರ ಮೂರು, ಅಂದೆ.
ಅವಳು ಸಕ್ಕರೆ ಮುಟ್ಟುವುದಿಲ್ಲ.
ನನ್ನ ಲೋಟಕ್ಕೆ ಹಾಕಿದ್ದಳು, ಎರಡು ಚಮಚ.