ಲೆಕ್ಕಕ್ಕುಂಟು, ಆಟಕ್ಕಿಲ್ಲ

ಏಳೂ ಮುಕ್ಕಾಲಿಗೆ ಸತ್ತ ವಿತೋಲ್ದ್.
ಸತ್ತದ್ದು ಅವನಲ್ಲ, ಅವನ ಪಾತ್ರ:
ಮೂರು ಚಳಿಗಾಲ ಸಾಕಿದ ಮುದಿ ಬಿಲ್ಲುಗಾರ,
ಒಂದು ಕಿವಿ ಇಲ್ಲದವನು, ಯಾರ ಸಾಲವನ್ನೂ ಇಟ್ಟುಕೊಳ್ಳದವನು.
ಇಪ್ಪತ್ತು ಮುಖದ ದಾಳ ಮೇಜಿನ ಅಂಚಿಗೆ ಉರುಳಿ
ತಡೆದು, ಯೋಚಿಸಿ,
ಒಂದು ತೋರಿಸಿತು.

ಆಟ ನಡೆಸುವವಳು ನಾನು.
ಸಾವನ್ನು ನಾನೇ ಹೇಳಬೇಕು, ಹೇಳಿದೆ:
ಗುಹೆಯೊಳಗಿನ ಸೇತುವೆ, ಹರಿದ ಹಗ್ಗ, ಕೆಳಗೆ ಕಪ್ಪು ನೀರು.
ಚೆನ್ನಾಗಿಯೇ ಹೇಳಿದೆ. ಅದೇ ಈಗ ನಾಚಿಕೆ.

ಪಾತ್ರದ ಹಾಳೆಯನ್ನು ನಾಲ್ಕಾಗಿ ಮಡಿಸಿ
ಅಂಗಿಯ ಜೇಬಿಗಿಟ್ಟು
“ಪರವಾಗಿಲ್ಲ, ನೀವು ಮುಂದುವರಿಸಿ” ಅಂದ,
ಪಂಕ್ತಿಯಲ್ಲಿ ಎಲೆ ಸಿಗದವನು ಅನ್ನುವ ಹಾಗೆ.

ಹೊರಗೆ ವೂಚ್ ನಗರದ ನವೆಂಬರ್.
ಹಳೆಯ ಹತ್ತಿ ಗಿರಣಿಯ ಇಟ್ಟಿಗೆ ಗೋಡೆಯನ್ನು
ಟ್ರಾಮಿನ ಬೆಳಕು ಒರೆಸಿ ಹೋಗುತ್ತದೆ.
ಕೊನೆಯ ಟ್ರಾಮು ಹನ್ನೊಂದು ಹತ್ತಕ್ಕೆ.
ಅಲ್ಲಿಯ ತನಕ ಸತ್ತವನು ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಮೊದಲೂ ಇಂಥವರಾಗಿದ್ದಾರೆ.
ಯಾಗೋದಾ ಕಲ್ಲಾಗಿ ನಿಂತು ಎರಡು ಶನಿವಾರ ಸ್ವೆಟರ್ ಹೆಣೆದಳು;
ಕಲ್ಲು ಹೆಣೆದ ಸ್ವೆಟರ್ ನನ್ನ ಮೈಮೇಲೇ ಇದೆ,
ಎಡತೋಳು ಸ್ವಲ್ಪ ಉದ್ದ.
ಗುಸ್ತಾವ್ ಸೆರೆಯಲ್ಲಿದ್ದಾಗ ಫೋನಿನಲ್ಲಿ ಚದುರಂಗ ಆಡುತ್ತ
ನಾವು ಬೀಗ ಒಡೆಯುವ ಹೊತ್ತಿಗೆ
“ಒಂದು ನಿಮಿಷ, ಗೆಲ್ಲುತ್ತಿದ್ದೇನೆ” ಅಂದ.

ವಿತೋಲ್ದ್ ಎದ್ದು ಅಡುಗೆಮನೆಗೆ ಹೋದ.
ಪಾತ್ರ ಹೋದರೆ ಪಾತ್ರೆ,
ಒಂದು ಎತ್ವದ ದೂರ.
ನಲ್ಲಿ ನೀರಿನ ಸದ್ದು ನನ್ನ ಗುಹೆಯೊಳಗೆ
ನಾನು ಕರೆಯದೆಯೇ ಹರಿಯಿತು.
ಮೂವರು ಪಂಜು ಹಿಡಿದು ನಡೆಯುತ್ತಿದ್ದರು,
ಕಿವಿ ಮಾತ್ರ ತಟ್ಟೆಗಳ ಕಡೆ.

ಪಿಜ್ಜಾ ಬಂತು. ಐದು ಪಾಲು. ಅವನೂ ಹಣ ಹಾಕಿದ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ
ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುತ್ತಾರಲ್ಲ,
ಇದು ಅದರ ತಲೆಕೆಳಗು.

ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ:
ಏಪ್ರಿಲಿನಿಂದ ಅವನು ಟ್ರಾಮು ಓಡಿಸಿಲ್ಲ.
ಕಣ್ಣಿನ ಪರೀಕ್ಷೆಯಲ್ಲಿ ಒಂದು ಸಾಲು
ತಪ್ಪಾಗಿ ಓದಿದ್ದ.

ದಾಳದ ಬಗ್ಗೆ ಸುಳ್ಳು ಹೇಳಬಹುದಿತ್ತು.
ಹೇಳಿದ್ದರೆ ಮುಂದಿನ ಯಾವ ಗೆಲುವನ್ನೂ ನಂಬುತ್ತಿರಲಿಲ್ಲ ಇವರು.
ಸತ್ತವರನ್ನು ಎಬ್ಬಿಸುವ ಮಂತ್ರವೂ ಉಂಟು, ಅದಕ್ಕೆ ವಜ್ರ ಬೇಕು;
ನಮ್ಮ ಚೀಲದಲ್ಲಿದ್ದದ್ದು ಈರುಳ್ಳಿ.
ಅವಳಿ ತಮ್ಮನನ್ನು ತರಬಹುದು,
ಅದೇ ಬಿಲ್ಲು, ಅದೇ ಸಿಟ್ಟು, ಎರಡೂ ಕಿವಿ.
ಥೂ.

ಒಂದು ಚೀಟಿ ಹರಿದು ಬರೆದು ಒಯ್ದೆ:
ಸೇತುವೆಯ ಆಚೆ ತುದಿಗೆ ಕಾವಲು ಕೂತ ಮುದುಕಿ.
ಹಲ್ಲಿಲ್ಲ. ದಾಟುವವರನ್ನು ನಂಬುವುದಿಲ್ಲ.
ತೋಳಷ್ಟು ದೂರ ಹಿಡಿದು ಓದಿದ.
“ಇವಳಿಗೆ ಬೇಕಾದ್ದೇನು?”
ಅದನ್ನು ನಾನು ಬರೆದಿರಲಿಲ್ಲ.

ಒದ್ದೆ ಕೈಯಲ್ಲೇ ಬಂದು
ತನ್ನ ಕುರ್ಚಿ ಬಿಟ್ಟು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತ,
ರಟ್ಟಿನ ಮರೆಯ ಈಚೆ ಬದಿಯಲ್ಲಿ, ನನ್ನ ನಕ್ಷೆ, ನನ್ನ ಅಳಿಸಿದ ಗೀಟುಗಳು
ಯಾರಿಗೂ ಕಾಣದಿರುವಲ್ಲಿ.
ಬೊಚ್ಚುಬಾಯಿ ಮಾಡಿಕೊಂಡು ಕೂಗಿದ:
“ಒಬ್ಬೊಬ್ಬರಾಗಿ! ಬಾಗಿಲ ಬಳಿ ನಿಲ್ಲಬೇಡಿ! ಒಳಗೆ ಸರಿಯಿರಿ!”
ಸೇತುವೆಗೆಲ್ಲಿಯ ಬಾಗಿಲು. ಗುಸ್ತಾವನ ಮೂಗಿಗೆ ಬಿಯರ್ ಏರಿತು.

ಬೋಗ್ನಾ ನಗಲಿಲ್ಲ.
“ಅಜ್ಜಿ, ಇಲ್ಲೊಬ್ಬ ಬಿಲ್ಲುಗಾರ ಬಿದ್ದ. ಕಂಡೆಯಾ?”

ಅವನ ಕೈ ಜೇಬಿನ ಹತ್ತಿರ ಹೋಗಿ ಬಂತು.
“ಕಂಡೆ. ಒಂದೇ ಕಿವಿ.
ಬೀಳುವಾಗ ಕಿರುಚಲಿಲ್ಲ.
ಎಡಗಡೆಯ ಹಗ್ಗ ಬದಲಿಸಿ ಅಂದ,
ಹಿಂದೆ ಇನ್ನೂ ಮೂವರಿದ್ದಾರೆ ಅಂದ.”

ಚೀಟಿಯಲ್ಲಿ ಇದಾವುದೂ ಇರಲಿಲ್ಲ.
ಬಲಗಡೆಯ ಹಗ್ಗ ಹಿಡಿದು ದಾಟಿದರು.

ಹನ್ನೊಂದು ಹತ್ತರ ಟ್ರಾಮು ತಪ್ಪಿತು.
ನಲ್ಲಿಯನ್ನು ಅವನು ಪೂರ್ತಿ ತಿರುಗಿಸಿರಲಿಲ್ಲ.
ಗುಹೆಯಲ್ಲೆಲ್ಲೋ ನೀರು ತೊಟ್ಟಿಕ್ಕುತ್ತಿದೆ, ಅಂದೆ ನಾನು,
ಎದ್ದು ಹೋಗಿ ನಿಲ್ಲಿಸಲಿಲ್ಲ.