ಬಾಲದ ಲೆಕ್ಕ

ಶಾರ್ಜಾದಿಂದ ನಿರ್ಮಾಪಕರ ಸಂದೇಶ:
'ಒಂದೇ ವಾಕ್ಯ, ಇಪ್ಪತ್ತೈದು ಪದ, ಶುಕ್ರವಾರದೊಳಗೆ.
ನೂರಾ ಹನ್ನೆರಡು ಪುಟ ಓದಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ.'

ಸೂರ್ ಪಟ್ಟಣದ ಕ್ಯಾಂಪ್ ಆಫೀಸು. ಎ.ಸಿ. ಸೋರುತ್ತಿದೆ,
ಅದರಡಿಗೊಂದು ಖಾಲಿ ಪೇಂಟಿನ ಡಬ್ಬ.
ಕಿಟಕಿಯಾಚೆ ಹಡಗು ಕಟ್ಟುವ ಅಂಗಳದಲ್ಲಿ
ಬರೀ ಪಕ್ಕೆಲುಬಿನ ಒಂದು ಧೋ,
ಹೋದ ವರ್ಷವೂ ಅಷ್ಟೇ ಆಗಿತ್ತು.
ಬರೆಯುತ್ತೇನೆ:

ವಿಜಯನಗರದ ಕಾಲದಲ್ಲಿ ಕಲ್ಹಾತ್ ಬಂದರಿನಿಂದ ಭಟಕಳಕ್ಕೆ
ಹಡಗಿನಲ್ಲಿ ಬರುತ್ತಿದ್ದ ಅರಬ್ಬೀ ಕುದುರೆಗಳಲ್ಲಿ
ದಾರಿಯಲ್ಲೇ ಸತ್ತವುಗಳ ಬಾಲ ಕತ್ತರಿಸಿ ತಂದರೆ
ಅದಕ್ಕೂ ಪೂರ್ತಿ ಬೆಲೆ ಸಿಗುತ್ತಿದ್ದುದರಿಂದ
ಬಾಲಗಳನ್ನು ಎಣಿಸುವ ಕೆಲಸಕ್ಕೆ ನೇಮಕವಾದ
ಒಬ್ಬ ಪ್ರಾಮಾಣಿಕ ಸೇನಬೋವನು ಒಂದು ರಾತ್ರಿ

ಇಪ್ಪತ್ತೇಳಾಯಿತು. ದೆವ್ವ ಇನ್ನೂ ಬಂದಿಲ್ಲ.

ಮೀರಾಂ ಶಾಬಂದ್ರಿ ಸ್ಟೋರಿನಿಂದ ಚಹಾ ತರುತ್ತಾನೆ.
ಭಟಕಳದವನು, ಹೆಸರಿನಲ್ಲೇ ಬಂದರು ಕಟ್ಟಿಕೊಂಡವನು.
ಅವನ ಹಿರಿಯರು ಕುದುರೆ ಇಳಿಸಿಕೊಂಡವರಂತೆ,
ಅವನ ಮಾತು; ನಾನು ದಾಖಲೆ ಕೇಳಿಲ್ಲ.
ಇಲ್ಲಿಂದ ಅರ್ಧ ಗಂಟೆ ದಾರಿ ಕಲ್ಹಾತ್‌ಗೆ,
ಹೋಗಿ ನೋಡಿದ್ದೇವೆ: ಬಿದ್ದ ಗೋಡೆ, ಒಡೆದ ಗುಮ್ಮಟ, ತಂತಿ ಬೇಲಿ.
ಅವನು ನನ್ನ ಹೆಗಲ ಮೇಲಿಂದ ಓದಿ
'ಪ್ರಾಮಾಣಿಕ ತೆಗಿ ಮಾರಾಯ' ಅನ್ನುತ್ತಾನೆ,
'ಪ್ರಾಮಾಣಿಕನ ಮನೆಗೆ ದೆವ್ವ ಯಾಕೆ ಬರ್ತದೆ?'

ತೆಗೆದೆ. ಆ ಜಾಗಕ್ಕೆ ಸಾಲಗಾರ ಬಂದ, ಹೋದ.
ಲಂಚಕೋರ ಬಂದ, ಒಂದು ಗಂಟೆ ಇದ್ದ.
ಕೊನೆಗೆ ಬರೀ ಸೇನಬೋವ ನಿಂತ,
ಕಂಕುಳಲ್ಲಿ ಕಡತ, ಕಿವಿಯ ಸಂದಿಯಲ್ಲಿ ಬಳಪ,
ಇನ್ನೇನೂ ಕೊಡಬೇಡಿ ಎಂಬಂತೆ.
ವಿಜಯನಗರ ಹೋಯಿತು. ಭಟಕಳ ಹೋಯಿತು,
ಮೀರಾಂ ಮುಖ ಸಣ್ಣದು ಮಾಡಿಕೊಂಡ.

ಸಮುದ್ರದಲ್ಲಿ ಸತ್ತ ಕುದುರೆಗಳ ಬಾಲ ಎಣಿಸುವ
ಸೇನಬೋವನ ಬಾಗಿಲಿಗೆ ಪ್ರತಿ ರಾತ್ರಿ
ಬಾಲವಿಲ್ಲದ ಒಂದು ಕುದುರೆ ಬಂದು ನಿಲ್ಲುತ್ತದೆ.

ಹದಿನಾಲ್ಕು. ಕಳಿಸಿದೆ.
ಐದು ನಿಮಿಷಕ್ಕೆ ಉತ್ತರ: 'ಚೆನ್ನಾಗಿದೆ.
ಆದರೆ ಕುದುರೆಗೆ ಏನು ಬೇಕು?
ಏನೂ ಬೇಡದ ದೆವ್ವ ಇಂಟರ್ವಲ್‌ವರೆಗೂ ಬಾಳುವುದಿಲ್ಲ.'

ಏನು ಬೇಕು.
ಮೇಜಿನ ಮೇಲೆ ಇನ್ನೊಂದು ಕೆಲಸವಿದೆ, ನನಗೆ ಸಂಬಳ ಬರುವುದು ಅದಕ್ಕೆ.
ಸಿವಾನಿನ ರಾಮ್‌ಪ್ರವೇಶ್, ಅಟ್ಟಣಿಗೆ ಕಟ್ಟುವವನು, ಮೊನ್ನೆ ಮಧ್ಯಾಹ್ನ.
ಆ ಫಾರ್ಮಿನಲ್ಲೂ ಕಾರಣಕ್ಕೆ ಒಂದೇ ಗೆರೆ ಜಾಗ.
ಡಾಕ್ಟರು ಎರಡು ಪದ ಬರೆದಿದ್ದಾರೆ: ಹೃದಯ ಸ್ತಂಭನ.
ಇದಕ್ಕಿಂತ ಚಿಕ್ಕದಾಗಿ ನಾನು ತಿದ್ದಲಾರೆ.

ಪಾಸ್‌ಪೋರ್ಟು ಮೂಲೆ ಕತ್ತರಿಸಿಕೊಂಡು ವಾಪಸು ಬಂದಿದೆ.
ವಾಚು ಒಂದು, ಚಾರ್ಜರ್ ಎರಡು,
ಅರ್ಧ ಬಾಟಲಿ ಸಾಸಿವೆ ಎಣ್ಣೆ (ವಿಮಾನದಲ್ಲಿ ನಡೆಯದು, ಪಟ್ಟಿಯಿಂದ ಹೊಡೆದುಹಾಕಿದೆ),
ಹತ್ತೊಂಬತ್ತು ದಿನದ ಸಂಬಳ.
ಬೈಸಾಕ್ಕೆ ಬೈಸಾ ಸರಿಯಿದೆ. ಮೂರು ಸಲ ಕೂಡಿದ್ದೇನೆ.

ಸಂಜೆ ಅವನ ತಮ್ಮ ಫೋನು ಮಾಡಿದ.
ದುಡ್ಡಿನ ಮಾತು ಮುಗಿದ ಮೇಲೂ ಇಡಲಿಲ್ಲ.
'ಸಾಬ್, ಅಣ್ಣ ಆವತ್ತು ಊಟ ಮಾಡಿದ್ದನಾ?'

ಇರು ಅಂದೆ. ಮೆಸ್ಸಿನ ಪುಸ್ತಕ ಕಪಾಟಿನಲ್ಲೇ ಇತ್ತು.
ಬೆಳಗಿನ ಮನೆಯಲ್ಲಿ ಗುರುತಿದೆ.
ಮಧ್ಯಾಹ್ನದ್ದು ಖಾಲಿ.

'ಮಾಡಿದ್ದ' ಅಂದೆ. 'ಅನ್ನ, ದಾಲ್.'
ಆಚೆ ಕಡೆ ಉಸಿರು ಮಾತ್ರ.
'ಒಂದು ಮೊಟ್ಟೆ ಕೂಡ.'

ಮೀರಾಂ ಏನೂ ಹೇಳಲಿಲ್ಲ, ಲೋಟ ತೆಗೆದುಕೊಂಡು ಹೋದ.
ನಾನು ವಾಕ್ಯವನ್ನು ಮತ್ತೆ ತೆರೆದು
ಸೇನಬೋವನ ಹಿಂದೆ
ಪ್ರಾಮಾಣಿಕ ಎಂಬ ಪದವನ್ನು ವಾಪಸು ಕೂರಿಸಿದೆ.
ಹದಿನೈದು.
ನಿರ್ಮಾಪಕರು ಕೇಳಿದ್ದಕ್ಕೆ ಇದು ಉತ್ತರವಲ್ಲ.

ಪೇಂಟಿನ ಡಬ್ಬ ಅಂಚಿನವರೆಗೆ ತುಂಬಿತ್ತು.
ಹೊರಗೆ ಚೆಲ್ಲಲೆಂದು ಎತ್ತಿಕೊಂಡು ಹೋದವನು
ಚೆಲ್ಲದೆ
ಬಾಗಿಲ ಪಕ್ಕದಲ್ಲಿಟ್ಟು ದೀಪ ಆರಿಸಿದೆ.